ಹಿಮವಿಲ್ಲದ ಊರಿನ ಚಳಿಗಾಲಕ್ಕೆ ನೆರಳಿನ ಪಾಠ

ಬೆಂಗಳೂರಿನ ಮೂರನೇ ತರಗತಿಯ ಮಕ್ಕಳಿಂದ ಚಳಿಗಾಲದಲ್ಲಿ ಕೈಯಾರೆ ಏನು ಮಾಡಿಸಬಹುದೆಂದು ಕೇಳಿದ್ದೀರಿ. ಹತ್ತಿಯ ಹಿಮಮಾನವನನ್ನು ಬಿಟ್ಟು (ನಮ್ಮ ಮಕ್ಕಳಿಗೆ ಅದರಿಂದ ತಿಳಿಯುವುದು ಅಷ್ಟಕ್ಕಷ್ಟೇ) ನೆರಳು ಅಳೆಯಿಸಿ ಎಂಬುದು ನನ್ನ ಸಲಹೆ. ಸಮತಟ್ಟಾದ ಅಂಗಳದಲ್ಲಿ ಒಂದು ಮೀಟರ್ ಎತ್ತರದ ಕೋಲನ್ನು ನೆಟ್ಟಗೆ ನಿಲ್ಲಿಸಿ, ಮಧ್ಯಾಹ್ನ 12ರಿಂದ 12.45ರವರೆಗೆ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಸೀಮೆಸುಣ್ಣದಿಂದ ಗುರುತು ಹಾಕಿಸಿದರೆ, ಅತಿ ಗಿಡ್ಡ ನೆರಳು ಗಡಿಯಾರದ ಹನ್ನೆರಡಕ್ಕೆ ಬೀಳುವುದಿಲ್ಲವೆಂಬುದನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ. ಡಿಸೆಂಬರ್ 22ರ ಆಸುಪಾಸಿನಲ್ಲಿ ಅದು 12.18ರ ಹೊತ್ತಿಗೆ ಸುಮಾರು 74 ಸೆಂಟಿಮೀಟರ್ ಇರುತ್ತದೆ; ಸಂಕ್ರಾಂತಿಯ ವೇಳೆಗೆ 68ಕ್ಕೆ ಇಳಿದು, ಸಮಯವೂ ಹತ್ತು ನಿಮಿಷ ಮುಂದಕ್ಕೆ ಸರಿದಿರುತ್ತದೆ. ಸೂರ್ಯನನ್ನು ನೇರವಾಗಿ ನೋಡದಂತೆ ಮೊದಲೇ ಎಚ್ಚರಿಸಿ. ಮೋಡ ಕವಿದ ದಿನ, ತಗಡಿನ ಡಬ್ಬಿಗೆ ಪುಡಿಮಾಡಿದ ಮಂಜುಗಡ್ಡೆ ಮತ್ತು ಕಲ್ಲುಪ್ಪು ಬೆರೆಸಿಟ್ಟು, ಹೊರಮೈಯಲ್ಲಿ ಬಿಳಿಯ ಹಿಮದ ಪದರ ಕಟ್ಟುವುದನ್ನು ತೋರಿಸಬಹುದು.