ಮಂಗಳೂರಿನ ಸಿಟಿ ಬಸ್ಸು ಹಿರಿಯರಿಗೆ ಸುಲಭವಾಗಬೇಕಾದರೆ ಮೊದಲು ಏನು ಸರಿಯಾಗಬೇಕು?

ಹೊಸ ಬಸ್ಸಲ್ಲ, ಮೆಟ್ಟಿಲಿಗೂ ನಿಲ್ದಾಣಕ್ಕೂ ಇರುವ ಎತ್ತರದ ಅಂತರ. ಮೊದಲ ಮೆಟ್ಟಿಲು ರಸ್ತೆಯಿಂದ 40 ಸೆಂ.ಮೀ. ಮೇಲಿದ್ದರೆ ಮಂಡಿನೋವಿನವರು ಕಂಬಿ ಹಿಡಿದು ತೋಳಬಲದಲ್ಲೇ ಹತ್ತಬೇಕು. ನಿಲ್ದಾಣದ ಕಟ್ಟೆ 15 ಸೆಂ.ಮೀ. ಎತ್ತರವಿದ್ದರೆ ಉಳಿಯುವುದು 25.

ಆದರೆ ಬಸ್ಸು ಕಟ್ಟೆಗೆ ಒತ್ತಿ ನಿಲ್ಲದಿದ್ದರೆ ಅದನ್ನು ಕಟ್ಟಿದ ಖರ್ಚೆಲ್ಲ ದಂಡ; ಹಿರಿಯರು ಕಟ್ಟೆಯಿಂದ ರಸ್ತೆಗಿಳಿದು ಮತ್ತೆ ಹತ್ತಬೇಕಾಗುತ್ತದೆ. ಚಾಲಕರನ್ನಷ್ಟೇ ಬೈದು ಫಲವಿಲ್ಲ. ನಿಲ್ದಾಣದೆದುರು ರಿಕ್ಷಾ, ಸ್ಕೂಟರ್ ನಿಂತಿರುತ್ತವೆ. ರಸ್ತೆಯಿಂದ ಒಳಸರಿದ ನಿಲುಗಡೆ ಜಾಗಕ್ಕೆ ('ಬಸ್ ಬೇ') ಬಸ್ಸು ಹೋದರೆ ವಾಪಸ್ ರಸ್ತೆಗೆ ಸೇರಲು ಯಾರೂ ದಾರಿ ಬಿಡುವುದಿಲ್ಲ. ಅದಕ್ಕಿಂತ ರಸ್ತೆಯಂಚಿಗೇ ಚಾಚಿಕೊಂಡ ಕಟ್ಟೆ ವಾಸಿ. ಅದರ ನೆಲ ಚರಂಡಿಯತ್ತ ತುಸು ಇಳಿಜಾರಾಗಿ, ತರಿತರಿಯಾಗಿರಲಿ. ನುಣುಪು ಟೈಲ್ಸ್ ನಮ್ಮ ಮಳೆಗೆ ಪಾಚಿ ಕಟ್ಟಿ ಜಾರುತ್ತದೆ.

ಎರಡನೆಯದು ಆತುರ. ಹತ್ತಿದವರು ಕೂರುವ ಮೊದಲೇ ಸೀಟಿ, 'ರೈಟ್ ಪೋಯಿ'! ಹಿಂದೆ ಇನ್ನೊಂದು ಖಾಸಗಿ ಬಸ್ಸು ಬರುತ್ತಿರುತ್ತದಲ್ಲ. ವೇಳಾಪಟ್ಟಿ ಪರ್ಮಿಟ್‌ಗೆ ಸೇರಿದ ವಿಷಯ. ಆದ್ದರಿಂದ ಅರ್ಜಿಯನ್ನು ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ಕೊಡಿ; 'ಹಿರಿಯರಿಗೆ ತೊಂದರೆ' ಎಂದಷ್ಟೇ ಬರೆಯದೆ ರೂಟ್ ನಂಬರ್, ನಿಲ್ದಾಣ, ಸಮಯ ನಮೂದಿಸಿ. ಕಟ್ಟೆಯ ಕೆಲಸಕ್ಕೆ ಮಹಾನಗರ ಪಾಲಿಕೆ.

ದರದ ವಿಷಯ: ಕೆಎಸ್ಸಾರ್ಟಿಸಿಯಲ್ಲಿ 60 ದಾಟಿದವರಿಗೆ ಶೇ. 25 ರಿಯಾಯಿತಿಯಿದೆ, ವಯಸ್ಸಿನ ದಾಖಲೆ ಬೇಕು. 2023ರ ಜೂನ್‌ನಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯ ಮಹಿಳೆಯರ ಉಚಿತ ಪ್ರಯಾಣ ಖಾಸಗಿ ಬಸ್ಸಿನಲ್ಲಿ ನಡೆಯುವುದಿಲ್ಲ.