ಒಂದೇ ಬಿಎಂಐ ಇದ್ದರೂ ನಮ್ಮ ಮಕ್ಕಳಿಗೇ ಯಾಕೆ ಬೇಗ ಶುಗರ್?

ಅಕ್ಕಾರೆ, ಇಂಗ್ಲೆಂಡಿನ ಬಿಳಿಯರ ಹುಡುಗನಿಗೂ ಕಲಬುರಗಿಯ ನಿಮ್ಮ ಮಗನಿಗೂ ಬಿಎಂಐ ಒಂದೇ ಇದ್ದರೆ ಶುಗರ್ ಅಪಾಯವೂ ಒಂದೇನಾ ಅಂತ ಕೇಳಿದ್ದೀರಿ. ಅಲ್ಲ, ನಿಮ್ಮ ಮಗನಿಗೇ ಜಾಸ್ತಿ.

ಬಿಎಂಐ ನೋಡುವುದು ಎತ್ತರ, ತೂಕ ಮಾತ್ರ. ಅದರಲ್ಲಿ ಕೊಬ್ಬೆಷ್ಟು, ಸ್ನಾಯುವೆಷ್ಟು ಗೊತ್ತಾಗಲ್ಲ. ನಮ್ಮಲ್ಲಿ ಸ್ನಾಯು ಕಡಿಮೆ, ಹೊಟ್ಟೆಯ ಕೊಬ್ಬು ಹೆಚ್ಚು. ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರಲು ಅದೊಂದು ದೊಡ್ಡ ಕಾರಣ. ಇದು ಹುಟ್ಟಿನಿಂದಲೇ ಶುರು. ಪುಣೆಯ ಶುಗರ್ ತಜ್ಞ ಡಾ. ಯಾಜ್ಞಿಕ್ ಅವರ ತಂಡ ಅಲ್ಲಿನ ಹಳ್ಳಿಗಳ ಶಿಶುಗಳನ್ನು ಇಂಗ್ಲೆಂಡಿನವರ ಜೊತೆ ಹೋಲಿಸಿತು. ಇಲ್ಲಿ ಸರಾಸರಿ ತೂಕ 2.7 ಕೆಜಿ, ಅಲ್ಲಿ 3.5. ಆದರೆ ಚರ್ಮದಡಿಯ ಕೊಬ್ಬು ಮಾತ್ರ ಅಷ್ಟು ಕಡಿಮೆ ಇರಲಿಲ್ಲ. ಸಣ್ಣಗೆ ಹುಟ್ಟಿದ ಮಗು ಆಮೇಲೆ ಬೇಗಬೇಗ ದಪ್ಪಗಾದರೆ ಅಪಾಯ ಇನ್ನೂ ಹೆಚ್ಚು. ‘ಬಡಕಲು ಹುಟ್ಟಿತ್ತು, ತಿನ್ನಲಿ ಬಿಡು’ ಅನ್ನುವ ಅಜ್ಜಿಗೆ ಇದನ್ನು ಒಪ್ಪಿಸುವುದು ಕಷ್ಟವೇ.

ಅಮೆರಿಕದಲ್ಲೂ ಮೂಲನಿವಾಸಿ, ಕಪ್ಪು, ಹಿಸ್ಪಾನಿಕ್ ಮಕ್ಕಳಿಗೆ ಟೈಪ್ 2 ಶುಗರ್ (ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ ಬರುವ ಬಗೆ) ಬಿಳಿಯರ ಮಕ್ಕಳಿಗಿಂತ ಹೆಚ್ಚು. ಎಲ್ಲವೂ ರಕ್ತದ ದೋಷವಲ್ಲ. ಬಡತನ, ಅಗ್ಗದ ತಿಂಡಿ, ಆಡಲು ಜಾಗವಿಲ್ಲದ ಓಣಿಗಳೂ ಸೇರಿವೆ.

ಕಡಿಮೆ ಬಿಎಂಐಯಲ್ಲೇ ನಮ್ಮವರಿಗೆ ಅಪಾಯ ಅಂತಲೇ ಭಾರತೀಯ ಮಕ್ಕಳ ವೈದ್ಯರ ಸಂಘದ 2015ರ ಬೆಳವಣಿಗೆ ಚಾರ್ಟಿನಲ್ಲಿ, ದೊಡ್ಡವರ ಬಿಎಂಐ 23ಕ್ಕೆ ಸಮನಾದ ಗೆರೆ ದಾಟಿದರೇ ಅಧಿಕ ತೂಕ, ಅಂತರರಾಷ್ಟ್ರೀಯ ಅಳತೆಯ 25 ಅಲ್ಲ. ಮಗನ ಕುತ್ತಿಗೆಯ ಹಿಂದೆ ನೋಡಿ: ತಿಕ್ಕಿದರೂ ಹೋಗದ ಕಪ್ಪು, ಮಖಮಲ್ಲಿನಂತೆ ದಪ್ಪ ಚರ್ಮ ಇದ್ದರೆ ಅದು ಕೊಳೆಯಲ್ಲ, ಬಹುತೇಕ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ ರಕ್ತದಲ್ಲಿ ಅದರ ಪ್ರಮಾಣ ಏರಿರುವ ಗುರುತು. ಮಕ್ಕಳ ಡಾಕ್ಟರಿಗೆ ತೋರಿಸಿ, ರಕ್ತ ಪರೀಕ್ಷೆ ಮಾಡಿಸಿ. ಜೋಳದ ರೊಟ್ಟಿ ಬಿಡಿಸಬೇಕಿಲ್ಲ. ದಿನಾ ಸಂಜೆಯ ಮಿರ್ಚಿ ಭಜಿ, ಬಾಟಲಿ ಜ್ಯೂಸ್ ಬಿಡಿಸಿ.