ಚೀನಾದ ಎಸ್‌ಕೆಎಸ್ ರೈಫಲ್: ಯಾವುದು ಮೂಲ ಭಾಗ, ಯಾವುದು ಆಮೇಲೆ ಸೇರಿದ್ದು?

ಪ್ರಶ್ನೆ: ನಾನು ಹಾಸನದವನು, ಈಗ ಟೆಕ್ಸಸ್‌ನ ಹ್ಯೂಸ್ಟನ್‌ನಲ್ಲಿದ್ದೇನೆ. ಇಲ್ಲಿನ ಗನ್ ಶೋ ಒಂದರಲ್ಲಿ ಚೀನಾ ಸೇನೆಯ ಹಳೇ ಎಸ್‌ಕೆಎಸ್ ರೈಫಲ್ ಕೊಂಡೆ. 'ಎಲ್ಲಾ ಒರಿಜಿನಲ್, ನಂಬರ್ ಮ್ಯಾಚಿಂಗ್' ಅಂತ ಮಾರಿದವರು ಹೇಳಿದ್ದರು. ಮನೆಗೆ ತಂದು ನೋಡಿದೆ. ರಿಸೀವರ್ (ಬಂದೂಕಿನ ಮುಖ್ಯ ಲೋಹದ ಒಡಲು) ಮೇಲೆ 11ರಿಂದ ಶುರುವಾಗುವ ಎಂಟಂಕಿ ನಂಬರ್, ತ್ರಿಕೋನದೊಳಗೆ 26 ಅಂತ ಗುರುತು ಇದೆ. ಮೇಲಿನ ಮುಚ್ಚಳ, ಕುದುರೆಯ (ಟ್ರಿಗರ್) ಸೆಟ್, ಮ್ಯಾಗಜಿನ್ ಮೇಲೆ ಅದೇ ನಂಬರ್. ಗುಂಡು ಕೂರುವ ಗೂಡನ್ನು ಹಿಂದಿನಿಂದ ಮುಚ್ಚುವ ಬೋಲ್ಟ್ ಮೇಲೆ ಮಾತ್ರ ಬೇರೆ. ನಳಿಗೆ ತುದಿಯ ಬಯೊನೆಟ್ ಚಪ್ಪಟೆ ಚಾಕುವಿನ ಥರ ಇದೆ. ಯಾವ್ಯಾವುದು ಮೂಲದ್ದು ಅಂತ ಹೇಗೆ ತಿಳಿಯೋದು? ನಾನು ಮೋಸ ಹೋದೆನಾ?

ಉತ್ತರ: ಬಿಚ್ಚಿ ನೋಡುವ ಮುಂಚೆ ಬೋಲ್ಟ್ ಹಿಂದಕ್ಕೆಳೆದು, ಚೇಂಬರ್ (ಗುಂಡು ಕೂರುವ ಗೂಡು) ಮತ್ತು ಮ್ಯಾಗಜಿನ್ ಎರಡೂ ಖಾಲಿ ಇವೆಯಾ ಅಂತ ಕಣ್ಣಲ್ಲಿ ನೋಡಿ, ಬೆರಳಲ್ಲೂ ಮುಟ್ಟಿ ಖಚಿತ ಮಾಡಿಕೊಳ್ಳಿ. ಆಮೇಲೆ ಉಳಿದದ್ದು.

ನಿಮ್ಮ ಕೈಲಿರುವುದು ಸೋವಿಯತ್ ವಿನ್ಯಾಸಕ ಸಿಮೊನೊವ್ ರೂಪಿಸಿದ ರೈಫಲ್. 7.62x39 ಮಿಮೀ ಗುಂಡು, ಹತ್ತು ಗುಂಡು ಹಿಡಿಯುವ ಕಳಚಲಾಗದ ಮ್ಯಾಗಜಿನ್. ಚೀನಾ ಇದನ್ನು 1956ರಿಂದ ತಯಾರಿಸಿತು, ಹಾಗಾಗಿ ಟೈಪ್ 56 ಅನ್ನೋ ಹೆಸರು. ಚೀನಾದ ಎಕೆ ಮಾದರಿಯ ರೈಫಲ್‌ಗೂ ಇದೇ ಹೆಸರಿದೆ. ಬಿಡಿಭಾಗ ಹುಡುಕುವಾಗ ಅದು ನೆನಪಿರಲಿ, ಇಲ್ಲದಿದ್ದರೆ ತಪ್ಪು ಸಾಮಾನು ಮನೆಗೆ ಬರುತ್ತದೆ. ತ್ರಿಕೋನದೊಳಗಿನ 26 ಕಾರ್ಖಾನೆಯ ಗುರುತು. ಚೀನಾದಲ್ಲಿ ಇದನ್ನು ಹಲವು ಕಾರ್ಖಾನೆಗಳು ಮಾಡಿದವು, ಜಾಸ್ತಿ ಕಾಣಸಿಗುವುದು ಈ 26ರದ್ದೇ.

ಈ ಕಾರ್ಖಾನೆಯ ರೈಫಲ್ ಎಷ್ಟು ಹಳೇದು ಅಂತ ಹೇಳಲು ಸಂಗ್ರಹಕಾರರು ಒಂದು ಅಂದಾಜು ಲೆಕ್ಕ ಬಳಸುತ್ತಾರೆ. ನಂಬರಿನ ಕೊನೆಯ ಆರು ಅಂಕಿ ಬಿಟ್ಟು, ಮುಂದೆ ಉಳಿದದ್ದನ್ನು 1956ಕ್ಕೆ ಕೂಡಿಸುವುದು. ನಿಮ್ಮದಕ್ಕೆ 11 ಕೂಡಿಸಿದರೆ 1967. ಒಂದೆರಡು ವರ್ಷ ಆಚೀಚೆ ಆಗಬಹುದು. ಬೇರೆ ಕಾರ್ಖಾನೆಗಳ ಗುರುತಿದ್ದರೆ ಈ ಲೆಕ್ಕ ಹಿಡಿಯಬೇಡಿ.

ವರ್ಷ ಗೊತ್ತಾದ ಮೇಲೆ ಬಯೊನೆಟ್ ಕಡೆ ಬನ್ನಿ. ಚೀನಾದವರು ಶುರುವಿನಲ್ಲಿ ಸೋವಿಯತ್ ಥರವೇ ಚಪ್ಪಟೆ ಅಲಗಿನ ಬಯೊನೆಟ್ ಹಾಕುತ್ತಿದ್ದರು. 60ರ ದಶಕದ ನಡುವಿನಲ್ಲಿ ಅದನ್ನು ಬಿಟ್ಟು, ಮೊಳೆಯ ಹಾಗೆ ಚೂಪಾದ ಉದ್ದನೆಯ ಬಯೊನೆಟ್‌ಗೆ ಬದಲಾದರು. 1967ರ ಆಸುಪಾಸಿನ ರೈಫಲ್‌ನಲ್ಲಿ ಚಪ್ಪಟೆ ಅಲಗು ಇದೆ ಅಂದರೆ, ಅದು ಆಮೇಲೆ ಬಂದದ್ದು ಅನ್ನುವ ಅನುಮಾನ ಬಲವಾಗುತ್ತದೆ. ಅನುಮಾನಕ್ಕೇ ನಿಲ್ಲಬೇಡಿ, ಪರೀಕ್ಷೆ ಮಾಡಿ. ಬಯೊನೆಟ್ ಹಿಡಿದಿರುವ ತಿರುಪಿನ ತುದಿಯನ್ನು ಕಾರ್ಖಾನೆಯಲ್ಲಿ ಸಾಮಾನ್ಯವಾಗಿ ತಟ್ಟಿ ಅಗಲ ಮಾಡಿರುತ್ತಾರೆ, ಸಡಿಲ ಆಗದಿರಲಿ ಅಂತ. ಆ ತುದಿಯನ್ನು ಅರ ಹಾಕಿ ಉಜ್ಜಿದ್ದಾರಾ? ತಿರುಪಿನ ಗೀರು ಕಿತ್ತುಹೋಗಿದೆಯಾ? ಆಮೇಲೆ ಬಯೊನೆಟ್ ಮಡಚಿದಾಗ ಕೂರುವ ಮರದ ಕಾಲುವೆಯೊಳಗೆ ಟಾರ್ಚ್ ಬಿಡಿ. ವರ್ಷಗಟ್ಟಲೆ ಮಡಚಿ ಬಿಚ್ಚಿದ ಬಯೊನೆಟ್ ಮರದ ಮೇಲೆ ತನ್ನದೇ ಗೆರೆ ಬಿಟ್ಟಿರುತ್ತದೆ. ಈಗಿರುವ ಅಲಗಿಗೂ ಆ ಗೆರೆಗೂ ತಾಳೆ ಆಗದಿದ್ದರೆ ಉತ್ತರ ಸಿಕ್ಕಿತು.

ಈಗ ನಂಬರಿನ ವಿಷಯ. ನಂಬರ್ ಒಂದೇ ಇದೆ ಅಂದಮಾತ್ರಕ್ಕೆ ಎಲ್ಲವೂ ಮೂಲದ್ದು ಅಂತ ಅಲ್ಲ, ನಂಬರ್ ಬೇರೆ ಅಂದಮಾತ್ರಕ್ಕೆ ಮೋಸ ಅಂತಲೂ ಅಲ್ಲ. ಸೇನೆಯ ರಿಪೇರಿ ಕಾರ್ಯಾಗಾರದಲ್ಲಿ ನೂರಾರು ರೈಫಲ್ ಒಟ್ಟಿಗೆ ಬಿಚ್ಚುತ್ತಾರೆ. ಸವೆದ ಬೋಲ್ಟ್ ತೆಗೆದು ಬೇರೆ ಹಾಕುತ್ತಾರೆ. ಕೆಲವೊಮ್ಮೆ ಹಳೇ ನಂಬರ್ ಉಜ್ಜಿ ಹೊಸದು ಹೊಡೆಯುತ್ತಾರೆ, ಕೆಲವೊಮ್ಮೆ ಹಾಗೇ ಬಿಡುತ್ತಾರೆ. ಅದೂ ಆ ರೈಫಲ್‌ನ ಸೇವೆಯ ಚರಿತ್ರೆಯೇ. ನನಗೆ ಬೇಸರ ತರುವುದು ಅಂಗಡಿಯವರು ಬೆಲೆ ಏರಿಸೋಕೆ ಅಂತ ಇತ್ತೀಚೆಗೆ ಹೊಡೆದ ನಂಬರ್. ಅದು ಚರಿತ್ರೆ ಅಳಿಸುವ ಕೆಲಸ.

ಎರಡನ್ನೂ ಬೇರೆ ಮಾಡಲು ಒಂದು ಭೂತಗನ್ನಡಿ, ಒಂದು ಟಾರ್ಚ್ ಸಾಕು. ಬೆಳಕನ್ನು ನೇರ ಬಿಡದೆ ಪಕ್ಕದಿಂದ ಓರೆಯಾಗಿ ಬಿಡಿ. ಉಜ್ಜಿದ ಜಾಗ ಇದ್ದರೆ ಲೋಹ ಸ್ವಲ್ಪ ತಗ್ಗಾಗಿ ಕಾಣುತ್ತದೆ. ಅದರ ಅಡಿಯಲ್ಲಿ ಹಳೇ ಅಂಕಿಯ ನೆರಳೂ ಕಾಣಬಹುದು. ಆಮೇಲೆ ಒಂದೊಂದೇ ಅಂಕಿಯ ಹಳ್ಳದೊಳಗೆ ನೋಡಿ. ಕಪ್ಪುಬಣ್ಣ ಹಾಕುವ ಮುಂಚೆ ಹೊಡೆದ ಅಂಕಿಯಾದರೆ ಹಳ್ಳದ ತಳದಲ್ಲೂ ಆ ಬಣ್ಣ ಇರುತ್ತದೆ. ಬಣ್ಣದ ಮೇಲೆ ಹೊಡೆದದ್ದಾದರೆ ತಳದಲ್ಲಿ ಬಿಳಿ ಲೋಹ ಅಥವಾ ತುಕ್ಕು. ಹೊಸದಾಗಿ ಹೊಡೆದ ಅಂಕಿಯ ಅಂಚು ಎದ್ದಿರುತ್ತದೆ, ಉಗುರು ಆಡಿಸಿದರೆ ತಗಲುತ್ತದೆ. ಸೈನಿಕರ ಕೈಯಲ್ಲಿ ಸವೆದ ಅಂಚು ನುಣುಪು. ಅಂಕಿಯ ಬರವಣಿಗೆಯನ್ನೂ ಹೋಲಿಸಿ. 4ರ ತಲೆ, 1ರ ಮೂಗು, 7ರ ಕಾಲು ರಿಸೀವರ್ ಮೇಲಿನಂತೆಯೇ ಇವೆಯಾ? ಪ್ರತಿ ಭಾಗಕ್ಕೂ ಪಂಚ್‌ನ ಗಾತ್ರ ಬೇರೆ ಇರಬಹುದು, ಆದರೆ ತೀರಾ ಬೇರೆ ಶೈಲಿ ಕಂಡರೆ ಎಚ್ಚರವಾಗಿ. ಕರೆಂಟ್ ಪೆನ್ಸಿಲ್‌ನಲ್ಲಿ ಗೀಚಿದಂತೆ ನಂಬರ್ ಇದ್ದರೆ, ಅದು ಸೋವಿಯತ್ ರಿಪೇರಿ ಕಾರ್ಯಾಗಾರಗಳಲ್ಲಿ ಸಾಮಾನ್ಯವಾಗಿದ್ದ ಪದ್ಧತಿ. ಚೀನಾದಲ್ಲಿ ಪಂಚ್ ಹೊಡೆಯುವುದೇ ವಾಡಿಕೆ.

ಫೈರಿಂಗ್ ಪಿನ್ (ಗುಂಡಿನ ಹಿಂಭಾಗಕ್ಕೆ ಬಡಿದು ಹಾರಿಸುವ ಕಡ್ಡಿ), ಸ್ಪ್ರಿಂಗು, ಪಿಸ್ಟನ್, ನಳಿಗೆ ಒರೆಸುವ ಕಡ್ಡಿ ಇಂಥವುಗಳ ಮೇಲೆ ನಂಬರ್ ಹುಡುಕಬೇಡಿ. ಅಲ್ಲಿ ಸವೆತವೇ ಸಾಕ್ಷಿ.

ಬಿಡಿಭಾಗ ಮಾಡುವ ರೀತಿಯೂ ಕಾಲಕ್ಕೆ ತಕ್ಕಂತೆ ಬದಲಾಗಿದೆ. ಮೊದಲಿನ ರೈಫಲ್‌ಗಳಲ್ಲಿ ಕುದುರೆಯ ಸುತ್ತಲಿನ ಕಮಾನು ಗಟ್ಟಿ ಉಕ್ಕನ್ನು ಕಡೆದು ಮಾಡಿದ್ದು. ಆಮೇಲಿನವುಗಳಲ್ಲಿ ತಗಡನ್ನು ಒತ್ತಿ ಮಡಚಿದ್ದು. ಮೊದಲಿನವುಗಳಲ್ಲಿ ನಳಿಗೆಯನ್ನು ರಿಸೀವರ್‌ಗೆ ತಿರುಗಿಸಿ ಬಿಗಿದಿದ್ದರು. ಕೊನೆಯ ಕಾಲದವುಗಳಲ್ಲಿ ಒತ್ತಿ ಕೂರಿಸಿ ಅಡ್ಡಪಿನ್ ಹೊಡೆದರು. ನಿಮ್ಮದರಲ್ಲಿ ತಗಡಿನ ಕಮಾನು ಇದ್ದು, ಅದರ ಮೇಲೆ ನಿಮ್ಮ ನಂಬರೇ ಇದ್ದರೆ, ಮೇಲೆ ಹೇಳಿದ ಭೂತಗನ್ನಡಿ ಪರೀಕ್ಷೆಯನ್ನು ಅಲ್ಲಿ ಇನ್ನೊಮ್ಮೆ ಮಾಡಿ.

ಮೋಸ ಹೋದಿರಾ ಅಂದರೆ, 'ಎಲ್ಲಾ ಒರಿಜಿನಲ್' ಅನ್ನೋ ಮಾತಿಗೆ ಜಾಸ್ತಿ ದುಡ್ಡು ಕೊಟ್ಟಿದ್ದರೆ ಸ್ವಲ್ಪ ಹೌದು. ಸಾಮಾನ್ಯ ಬೆಲೆಗೆ ಕೊಂಡಿದ್ದರೆ ಇಲ್ಲ. ರಿಸೀವರ್, ಮುಚ್ಚಳ, ಮ್ಯಾಗಜಿನ್ ಒಂದೇ ಕಾಲದವು ಅಂತಾದರೆ ನಿಮ್ಮದು ಒಳ್ಳೇ ರೈಫಲ್ಲೇ.

ಪ್ರಶ್ನೆ: ಬೋಲ್ಟ್ ನಂಬರ್ ಬೇರೆ ಇದ್ದರೆ ಗುಂಡು ಹಾರಿಸಬಹುದಾ? ರೇಂಜ್‌ನಲ್ಲಿ ಕೆಲವರು ಬೇಡ ಅನ್ನುತ್ತಾರೆ.

ಉತ್ತರ: ಅವರು ಹೇಳುವುದರಲ್ಲಿ ಹುರುಳಿದೆ. ಬೋಲ್ಟ್ ಮುಚ್ಚಿದಾಗ ಗುಂಡು ಕೂರುವ ಜಾಗದ ಅಳತೆ, ಅಂದರೆ ಹೆಡ್‌ಸ್ಪೇಸ್, ಸರಿ ಇರಲೇಬೇಕು. ಬೇರೆ ರೈಫಲ್‌ನಿಂದ ಬಂದ ಬೋಲ್ಟ್ ಸರಿಯಾಗಿಯೇ ಕೂರಬಹುದು, ಕೂರದೆಯೂ ಇರಬಹುದು. 7.62x39 ಗೇಜ್ ಇರುವ ಗನ್‌ಸ್ಮಿತ್ ಹತ್ತಿರ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಹಾರಿಸಬೇಡಿ.

ಅಷ್ಟೇ ಮುಖ್ಯವಾದದ್ದು ಇನ್ನೊಂದಿದೆ. ಚೀನಾದ ಎಸ್‌ಕೆಎಸ್‌ನಲ್ಲಿ ಫೈರಿಂಗ್ ಪಿನ್ ಹಿಂದಕ್ಕೆ ತಳ್ಳುವ ಸ್ಪ್ರಿಂಗ್ ಸಾಮಾನ್ಯವಾಗಿ ಇರುವುದಿಲ್ಲ. ಪಿನ್ ಬೋಲ್ಟ್ ಒಳಗೆ ಸಡಿಲವಾಗಿ ಓಡಾಡಬೇಕು. ದಾಸ್ತಾನಿನಲ್ಲಿಡುವಾಗ ಬಳಿದ ಕಾಸ್ಮೊಲಿನ್ ಗ್ರೀಸು ಒಳಗೆ ಗಟ್ಟಿಯಾಗಿ, ಪಿನ್ ಮುಂದೆ ಸಿಕ್ಕಿಕೊಂಡರೆ, ಕುದುರೆ ಎಳೆಯದೆಯೇ ಗುಂಡು ಹಾರಬಹುದು. ಒಂದರ ಹಿಂದೆ ಒಂದು ಹಾರಲೂಬಹುದು. ಬೋಲ್ಟನ್ನು ಹೊರಗೆ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ. ಪಿನ್ ಟಕಟಕ ಅನ್ನಬೇಕು. ಸದ್ದಿಲ್ಲದಿದ್ದರೆ ಬಿಚ್ಚಿ, ಮಿನರಲ್ ಸ್ಪಿರಿಟ್‌ನಲ್ಲಿ ತೊಳೆದು, ಒಣಗಿಸಿ. ಒಳಗೆ ಮತ್ತೆ ಗ್ರೀಸ್ ಹಾಕಬೇಡಿ.

ಪ್ರಶ್ನೆ: ಮರದ ಹಿಡಿ ಕಪ್ಪಾಗಿ ಜಿಗುಟಾಗಿದೆ. ಒಂದು ಕಡೆ ಚೌಕಾಕಾರದ ತೇಪೆ ಇದೆ. ಮರಳು ಕಾಗದ ಹಾಕಿ ಪಾಲಿಶ್ ಮಾಡಲಾ, ಇಲ್ಲ ಪ್ಲಾಸ್ಟಿಕ್‌ದು ಹಾಕಿಬಿಡಲಾ?

ಉತ್ತರ: ದಯವಿಟ್ಟು ಮರಳು ಕಾಗದ ಬೇಡ. ಮರದ ಮೇಲೆ ಹೊಡೆದ ನಂಬರ್, ಗುರುತುಗಳು ಎರಡೇ ಉಜ್ಜಿಗೆ ಮಾಯ ಆಗುತ್ತವೆ, ಮತ್ತೆ ಬರುವುದಿಲ್ಲ. ಜಿಗುಟು ಹೋಗಲು ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬಿಸಿಲಿಗಿಡಿ. ಗ್ರೀಸು ಬೆವರಿ ಹೊರಬರುತ್ತದೆ. ಬಟ್ಟೆಯಲ್ಲಿ ಒರೆಸಿ, ಮತ್ತೆ ಇಡಿ. ಟೆಕ್ಸಸ್ ಬಿಸಿಲು ಇದಕ್ಕೆ ಹೇಳಿಮಾಡಿಸಿದ್ದು. ತೇಪೆಯ ಬಗ್ಗೆ ಬೇಜಾರು ಬೇಡ. ಒಡೆದ ಜಾಗವನ್ನು ಅಚ್ಚುಕಟ್ಟಾಗಿ ಕತ್ತರಿಸಿ ಬೇರೆ ಮರದ ತುಂಡು ಕೂರಿಸುವುದು ಸೇನೆಯ ರಿಪೇರಿ ಕೆಲಸ. ಅಂಥ ಹಿಡಿ ನನಗಂತೂ ಹೊಸದಕ್ಕಿಂತ ಇಷ್ಟ.

ಪ್ಲಾಸ್ಟಿಕ್ ಹಿಡಿ, ಕಳಚುವ ಮ್ಯಾಗಜಿನ್ ಹಾಕುವ ಮುಂಚೆ ಕಾನೂನು ನೋಡಿ. ಅಮೆರಿಕದ ಫೆಡರಲ್ ಕಾನೂನಿನ 922(ಆರ್) ಪ್ರಕಾರ, ಮೂಲ ರೂಪ ಬಿಟ್ಟು ಹೀಗೆ ಬದಲಾಯಿಸಿದರೆ ಪಟ್ಟಿಯಲ್ಲಿರುವ ವಿದೇಶಿ ಬಿಡಿಭಾಗಗಳು ಹತ್ತಕ್ಕಿಂತ ಹೆಚ್ಚಿರುವಂತಿಲ್ಲ. ರಾಜ್ಯಗಳ ನಿಯಮ ಬೇರೆ. ತೆಗೆದ ಮೂಲ ಭಾಗಗಳನ್ನು ಮಾತ್ರ ಯಾವ ಕಾರಣಕ್ಕೂ ಬಿಸಾಡಬೇಡಿ.

ಪ್ರಶ್ನೆ: ನನ್ನ ರೈಫಲ್ ವಿಯೆಟ್ನಾಂ ಯುದ್ಧದಿಂದ ಬಂದದ್ದು ಅಂತಾರೆ. ನಂಬಬಹುದಾ?

ಉತ್ತರ: ಆಮದುದಾರರ ಹೆಸರು ಮತ್ತು ಊರು ನಳಿಗೆ ಅಥವಾ ರಿಸೀವರ್ ಮೇಲೆ ಸಣ್ಣಕ್ಷರದಲ್ಲಿ ಇದೆಯಾ ನೋಡಿ. ಇದ್ದರೆ ಅದು ವ್ಯಾಪಾರಕ್ಕಾಗಿ ಬಂದ ರೈಫಲ್. 80ರ ದಶಕದ ಕೊನೆಯಿಂದ ಸಾಕಷ್ಟು ಬಂದವು. 1994ರಲ್ಲಿ ಅಮೆರಿಕ ಚೀನಾದ ರೈಫಲ್‌ಗಳ ಆಮದು ನಿಲ್ಲಿಸಿತು. ಸೈನಿಕರು ಯುದ್ಧದ ನೆನಪಿಗೆ ತಂದದ್ದಕ್ಕೆ ಆ ಗುರುತು ಇರುವುದಿಲ್ಲ. ಆದರೆ ಗುರುತನ್ನು ಉಜ್ಜಿ ತೆಗೆಯಲೂ ಬರುತ್ತದೆ, ಅಲ್ವಾ? ತೂಕ ಇರುವುದು ಕಾಗದಕ್ಕೆ. ಡಿಡಿ ಫಾರ್ಮ್ 603 ಅನ್ನುವ ಸೇನಾ ಪತ್ರದಲ್ಲಿ ನಿಮ್ಮ ರಿಸೀವರ್ ನಂಬರೇ ಇದ್ದರೆ ನಂಬಿ. ಬರೀ ಕಥೆಗೆ ದುಡ್ಡು ಕೊಡಬೇಡಿ. ನಂಬರ್ ಲೆಕ್ಕವೂ ಇಲ್ಲಿ ನೆರವಿಗೆ ಬರುತ್ತದೆ. 1975ರ ನಂತರ ತಯಾರಾದ ರೈಫಲ್ ಆ ಯುದ್ಧದಲ್ಲಿ ಇರಲು ಸಾಧ್ಯವಿಲ್ಲ.

ಪ್ರಶ್ನೆ: ನಾವು ಕೊಡಗಿನವರು, ನಮಗೆ ಕೋವಿ ಲೈಸೆನ್ಸ್ ವಿನಾಯಿತಿ ಇದೆ. ಇಂಥದ್ದನ್ನು ಮಡಿಕೇರಿಗೆ ತರಬಹುದಾ?

ಉತ್ತರ: ಆಗುವುದಿಲ್ಲ. ಇದು ಸೇನೆಯ ಸೆಮಿ ಆಟೊಮ್ಯಾಟಿಕ್ ರೈಫಲ್. ಭಾರತದ ಶಸ್ತ್ರಾಸ್ತ್ರ ಕಾನೂನಿನಲ್ಲಿ ಇಂಥವು ನಿಷೇಧಿತ ವರ್ಗಕ್ಕೆ ಸೇರುತ್ತವೆ, ಕೊಡಗಿನ ವಿನಾಯಿತಿ ಇವಕ್ಕೆ ಅನ್ವಯಿಸದು. ಬಿಡಿಭಾಗವನ್ನೂ ಸಾಮಾನಿನ ಜೊತೆ ತರಬೇಡಿ, ವಿಮಾನ ನಿಲ್ದಾಣದಲ್ಲಿ ಕೇಸ್ ಆಗುತ್ತದೆ. ಆದರೆ ನಮ್ಮವರಿಗೂ ಈ ರೈಫಲ್‌ಗೂ ನಂಟಿದೆ. 1962ರ ಯುದ್ಧದಲ್ಲಿ ನೇಫಾ (ಈಗಿನ ಅರುಣಾಚಲ ಪ್ರದೇಶ) ಮತ್ತು ಲಡಾಖ್‌ನಲ್ಲಿ ಚೀನಾ ಸೈನಿಕರ ಕೈಯಲ್ಲಿದ್ದ ಅಸ್ತ್ರಗಳಲ್ಲಿ ಇದೂ ಒಂದು. ನಮ್ಮ ಬಹುಪಾಲು ಪದಾತಿ ಸೈನಿಕರು ಹಿಡಿದಿದ್ದು, ಪ್ರತಿ ಗುಂಡಿಗೂ ಬೋಲ್ಟ್ ಎಳೆಯಬೇಕಿದ್ದ .303. ನಿಮ್ಮ ಮನೆಯಲ್ಲಿ ಆ ಯುದ್ಧಕ್ಕೆ ಹೋಗಿಬಂದ ಹಿರಿಯರಿದ್ದರೆ, ಈ ರೈಫಲ್‌ನ ಫೋಟೊ ತೋರಿಸಿ ಕೇಳಿ. ಅವರು ಹೇಳಿದ್ದನ್ನು ಬರೆದಿಟ್ಟುಕೊಳ್ಳಿ.